ಬಾಸೆಲ್‌ಗೆ ಆಫೀಸ್ ಕೆಲಸಕ್ಕೆ ಹೋಗ್ತಿದ್ದೀನಿ, ಹೋಟೆಲ್ ಎಲ್ಲಿ ಹಿಡಿಯಲಿ?

ಓದುಗರ ಪ್ರಶ್ನೆ: ಕಂಪನಿಯಿಂದ ಒಂದು ವಾರಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕಳಿಸ್ತಿದ್ದಾರೆ. ರೂಮು ನಾವೇ ಬುಕ್ ಮಾಡಿ ಆಮೇಲೆ ಬಿಲ್ ಕೊಡಬೇಕು, ಅದಕ್ಕೂ ಒಂದು ಮಿತಿ ಇದೆ. ಸ್ಟೇಷನ್ ಪಕ್ಕದ ಹೋಟೆಲ್‌ಗಳೆಲ್ಲ ದುಬಾರಿ ಕಾಣ್ತಿವೆ. ದೂರ ಹಿಡಿದರೆ ಓಡಾಟಕ್ಕೆ ಕಷ್ಟ ಆಗುತ್ತಾ? ನಾನು ಸಸ್ಯಾಹಾರಿ, ಊಟಕ್ಕೆ ಏನು ಮಾಡಲಿ?

ಉತ್ತರ: ದೂರದ ಚಿಂತೆ ಬಿಡಿ, ತಾರೀಖಿನ ಚಿಂತೆ ಮಾಡಿ. ಈ ಊರಿನ ಮಟ್ಟಿಗೆ ಹೋಟೆಲ್ ಎಲ್ಲಿದೆ ಅನ್ನೋದಕ್ಕಿಂತ ನೀವು ಯಾವ ವಾರ ಹೋಗ್ತೀರಿ ಅನ್ನೋದೇ ಬಾಡಿಗೆಯನ್ನು ನಿರ್ಧರಿಸುತ್ತದೆ. ರೋಶ್, ನೋವಾರ್ಟಿಸ್ ಅನ್ನೋ ಎರಡು ದೊಡ್ಡ ಔಷಧ ಕಂಪನಿಗಳ ಮುಖ್ಯ ಕಚೇರಿಯೂ ಇಲ್ಲೇ ಇರುವುದರಿಂದ ಬೆಂಗಳೂರು, ಹೈದರಾಬಾದ್‌ಗಳಿಂದ ಕೆಲಸದ ಮೇಲೆ ಹೋಗುವವರು ತುಂಬಾ ಜನ. ಹೆಚ್ಚಿನವರು ಮ್ಯಾಪ್ ತೆಗೆದು ಆಫೀಸಿನಿಂದ ಎಷ್ಟು ಕಿಲೋಮೀಟರ್ ಅಂತ ಅಳೆಯುತ್ತಾ ಕೂರುತ್ತಾರೆ. ಅದನ್ನು ಕೊನೆಗೆ ಮಾಡಿ.

ಬಾಸೆಲ್ ಸ್ವಿಟ್ಜರ್ಲೆಂಡಿನ ಮೂರನೇ ದೊಡ್ಡ ನಗರ, ಆದರೆ ಜನಸಂಖ್ಯೆ ಎರಡು ಲಕ್ಷವೂ ಇಲ್ಲ. ಅಷ್ಟು ಚಿಕ್ಕ ಊರಿಗೆ ಪ್ರತಿ ಜೂನ್‌ನಲ್ಲಿ ಆರ್ಟ್ ಬಾಸೆಲ್ ಮೇಳಕ್ಕೆ ಜಗತ್ತಿನ ಚಿತ್ರಕಲೆ ಕೊಳ್ಳುವವರು, ಮಾರುವವರು ಎಲ್ಲ ಬಂದಿಳಿಯುತ್ತಾರೆ. 1970ರಿಂದ ನಡೆಯುತ್ತಿರುವ ಮೇಳ ಇದು. ಮಾಮೂಲಿ ದಿನ 150–180 ಫ್ರಾಂಕ್ ಆಸುಪಾಸಿನಲ್ಲಿ ಸಿಗುವ ಸಾದಾ ಬಿಸಿನೆಸ್ ಹೋಟೆಲ್ ರೂಮಿಗೆ ಆ ವಾರ ಎರಡು ಮೂರು ಪಟ್ಟು ಕೇಳಿದರೆ ಆಶ್ಚರ್ಯ ಪಡಬೇಡಿ. ಫ್ರಾಂಕ್ ಈಗ ನೂರು ರೂಪಾಯಿ ದಾಟಿದೆ, ಲೆಕ್ಕ ನೀವೇ ಹಾಕಿಕೊಳ್ಳಿ. ಅಕ್ಟೋಬರ್ ಕೊನೆ ಕೂಡ ಗಲಾಟೆಯ ಸಮಯವೇ. ಫೆಡರರ್ ಹುಟ್ಟೂರು ಅಲ್ವಾ, ಅವನು ಹತ್ತು ಸಲ ಗೆದ್ದ ಸ್ವಿಸ್ ಇಂಡೋರ್ಸ್ ಟೆನಿಸ್ ಟೂರ್ನಿ ಆಗ ನಡೆಯುತ್ತದೆ. ಅದರ ಜೊತೆಗೇ 1471ರಿಂದ ನಡೆದು ಬಂದಿರುವ ಹರ್ಬ್‌ಸ್ಟ್‌ಮೆಸ್ಸೆ ಅನ್ನೋ ಶರತ್ಕಾಲದ ಜಾತ್ರೆ.

ಇನ್ನೊಂದು ಫಾಸ್ನಾಖ್ಟ್ ಅನ್ನೋ ಊರ ಹಬ್ಬ. ಬೂದಿ ಬುಧವಾರ (ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸ ಶುರುವಾಗುವ ದಿನ) ಕಳೆದ ಮೇಲಿನ ಸೋಮವಾರ ಬೆಳಗಿನ ಜಾವ ಸರಿಯಾಗಿ 4 ಗಂಟೆಗೆ ಹಳೇ ಪೇಟೆಯ ಬೀದಿ ದೀಪಗಳನ್ನೆಲ್ಲ ಆರಿಸಿಬಿಡುತ್ತಾರೆ. ಆ ಕತ್ತಲಲ್ಲಿ ಬಣ್ಣ ಬಳಿದ ದೊಡ್ಡ ದೊಡ್ಡ ಲಾಂದ್ರ ಹೊತ್ತು, ಮುಖವಾಡ ಹಾಕಿದ ತಂಡಗಳು ಡೋಲು ಬಾರಿಸುತ್ತಾ, ಪಿಕೊಲೊ ಕೊಳಲು ಊದುತ್ತಾ ಹೊರಡುತ್ತವೆ. ಗುರುವಾರ ಬೆಳಗಿನ ಜಾವ 4ಕ್ಕೇ ನಿಲ್ಲುವುದು, ಒಟ್ಟು 72 ಗಂಟೆ. 2027ರಲ್ಲಿ ಇದು ಫೆಬ್ರವರಿ 15ಕ್ಕೆ ಶುರುವಾಗುತ್ತದೆ. ನೋಡೋಕೆ ಚೆನ್ನಾಗಿರುತ್ತದೆ, ಆದರೆ ಬೆಳಿಗ್ಗೆ 9ಕ್ಕೆ ಕ್ಲೈಂಟ್ ಮೀಟಿಂಗ್ ಇಟ್ಟುಕೊಂಡು ಹಳೇ ಪೇಟೆಯಲ್ಲಿ ರೂಮು ಹಿಡಿದವರ ಪಾಡು ಬೇಡ. ನಿಮ್ಮ ಭೇಟಿಯ ವಾರವನ್ನು ಮುಂದೆ ಹಿಂದೆ ಮಾಡಲು ಕಂಪನಿ ಒಪ್ಪುತ್ತದಾ ಅಂತ ಮೊದಲು ಕೇಳಿ. ಒಪ್ಪಿದರೆ ಬಾಡಿಗೆಯಲ್ಲಿ ಉಳಿಯುವಷ್ಟು ಇನ್ಯಾವ ಉಪಾಯದಲ್ಲೂ ಉಳಿಯಲ್ಲ. ಹಾಗೆಯೇ, ಕೆಲಸಕ್ಕೆ ಬರುವವರ ಊರು ಇದಾದ್ದರಿಂದ ಸಾಮಾನ್ಯವಾಗಿ ಮಂಗಳವಾರ, ಬುಧವಾರದ ರಾತ್ರಿಗಳು ದುಬಾರಿ, ಶುಕ್ರವಾರ, ಶನಿವಾರ ಬೆಲೆ ಇಳಿಯುತ್ತದೆ. ಎರಡು ದಿನ ಜಾಸ್ತಿ ಉಳಿದು ಊರು ನೋಡುವ ಆಸೆ ಇದ್ದರೆ ವಾರಾಂತ್ಯವನ್ನೇ ಸೇರಿಸಿಕೊಳ್ಳಿ.

ಈಗ ದೂರದ ವಿಷಯ. ಬಾಸೆಲ್‌ನಲ್ಲಿ ಯಾವ ಹೋಟೆಲ್‌ನಲ್ಲಿ ಉಳಿದರೂ ಚೆಕ್‌ಇನ್ ಮಾಡುವಾಗ ಬಾಸೆಲ್‌ಕಾರ್ಡ್ ಕೊಡುತ್ತಾರೆ. ಅದು ಕೈಲಿದ್ದರೆ ಊರಿನ, ಸುತ್ತಲಿನ ಟ್ರಾಮ್, ಬಸ್ ಎಲ್ಲ ಉಚಿತ, ವಿಮಾನ ನಿಲ್ದಾಣದ ಬಸ್ಸೂ ಸೇರಿ. ಮ್ಯೂಸಿಯಂ, ಝೂ ಅರ್ಧ ಬೆಲೆ. ಬಂದಿಳಿದ ದಿನ ಕಾರ್ಡ್ ಇನ್ನೂ ಕೈಗೆ ಬಂದಿರುವುದಿಲ್ಲ, ಆಗ ಹೋಟೆಲ್ ಬುಕಿಂಗ್ ದೃಢೀಕರಣವನ್ನೇ ಟಿಕೆಟ್ ಥರ ತೋರಿಸಬಹುದು. ಅದಕ್ಕೇ ಅದನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ, ನೆಟ್ ಸಿಗದಿದ್ದರೆ ಪೇಚಾಟ. ಇದೇನು ದಾನ ಅಲ್ಲ ಮತ್ತೆ, ಪ್ರತಿ ರಾತ್ರಿಗೆ ತಲೆಗಿಷ್ಟು ಅಂತ ಅತಿಥಿ ತೆರಿಗೆ ವಸೂಲಿ ಮಾಡುತ್ತಾರೆ. ಕೆಲವು ಬುಕಿಂಗ್ ಸೈಟ್‌ಗಳು ಅದನ್ನು ಬಾಡಿಗೆಯಲ್ಲಿ ಸೇರಿಸದೆ ತೋರಿಸುತ್ತವೆ, ನೋಡಿಕೊಳ್ಳಿ. ಬರ್ನ್, ಜಿನೀವಾ, ಲೋಸಾನ್‌ಗಳಲ್ಲೂ ಇಂಥದ್ದೇ ಕಾರ್ಡ್ ಇದೆ. ಜ್ಯೂರಿಕ್‌ನಲ್ಲಿ ಇಲ್ಲ. ಹಾಗಾಗಿ ಜ್ಯೂರಿಕ್‌ಗೆ ಹೋಗಿ ಬಂದ ಸಹೋದ್ಯೋಗಿ ‘ಸ್ಟೇಷನ್ ಪಕ್ಕದಲ್ಲೇ ಹಿಡಿ, ಟ್ರಾಮ್‌ಗೆ ಸುರೀಬೇಡ’ ಅಂದರೆ ಅದು ಆ ಊರಿನ ಲೆಕ್ಕ, ನಿಮಗೆ ಅನ್ವಯಿಸಲ್ಲ.

ಇನ್ನು ಜಾಗ. ರೈನ್ ನದಿ ಊರನ್ನು ಎರಡು ಭಾಗ ಮಾಡುತ್ತದೆ. ಒಂದು ದಡದಲ್ಲಿ ಹಳೇ ಪೇಟೆ, ಬಾಸೆಲ್ ಎಸ್‌ಬಿಬಿ ಅನ್ನೋ ಮುಖ್ಯ ಸ್ಟೇಷನ್, ಇನ್ನೊಂದು ದಡದಲ್ಲಿ ಕ್ಲೈನ್‌ಬಾಸೆಲ್. ವಸ್ತುಪ್ರದರ್ಶನದ ಮೆಸ್ಸೆ, ರೋಶ್‌ನ 205 ಮೀಟರ್ ಎತ್ತರದ ಗೋಪುರ, ಬಾಡಿಷರ್ ಬಾನ್‌ಹೋಫ್ ಅನ್ನೋ ಇನ್ನೊಂದು ರೈಲು ಸ್ಟೇಷನ್ ಎಲ್ಲ ಕ್ಲೈನ್‌ಬಾಸೆಲ್ ಕಡೆ. ಈ ಬಾಡಿಷರ್ ಬಾನ್‌ಹೋಫ್ ಸ್ವಿಸ್ ನೆಲದಲ್ಲೇ ಇದ್ದರೂ ನಡೆಸುವುದು ಜರ್ಮನ್ ರೈಲ್ವೆ. ನಿಮ್ಮ ಕೆಲಸ ರೋಶ್ ಕಡೆ ಇದ್ದರೆ ಕ್ಲೈನ್‌ಬಾಸೆಲ್ ನೋಡಿ. ನೋವಾರ್ಟಿಸ್ ಕಡೆ ಇದ್ದರೆ 11ನೇ ನಂಬರ್ ಟ್ರಾಮ್ ಹೋಗುವ ದಾರಿಯಲ್ಲಿ ಎಲ್ಲಿದ್ದರೂ ಪರವಾಗಿಲ್ಲ. ಎಸ್‌ಬಿಬಿಯಿಂದ ಮೆಸ್ಸೆಗೆ 2ನೇ ನಂಬರ್ ಟ್ರಾಮ್‌ನಲ್ಲಿ ಕಾಲು ಗಂಟೆ ಸಾಕು. ಸಿಲ್ಕ್ ಬೋರ್ಡ್ ದಾಟಿ ದಿನಾ ಆಫೀಸಿಗೆ ಹೋಗುವವರಿಗೆ ಇದನ್ನೆಲ್ಲ ದೂರ ಅಂತ ಕರೆಯೋಕೆ ನಾಚಿಕೆಯಾಗಬೇಕು!

ಗಡಿ ದಾಟಿ ಅಗ್ಗದ ಹೋಟೆಲ್ ಹಿಡಿಯಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಬಾಸೆಲ್ ಇರುವುದು ಮೂರು ದೇಶ ಸೇರುವ ಮೂಲೆಯಲ್ಲಿ. 8ನೇ ನಂಬರ್ ಟ್ರಾಮ್ ಹತ್ತಿದರೆ ಜರ್ಮನಿಯ ವೈಲ್ ಆಮ್ ರೈನ್, 3ನೇ ನಂಬರ್ ಹತ್ತಿದರೆ ಫ್ರಾನ್ಸಿನ ಸೇಂಟ್ ಲೂಯಿ. ಬಾಸೆಲ್ ಜನರೇ ಅಗ್ಗದ ಸಾಮಾನಿಗೆ ಶನಿವಾರ ಚೀಲ ಹಿಡಿದು ವೈಲ್‌ಗೆ ಹೋಗುತ್ತಾರೆ. ಅಲ್ಲಿ ರೂಮೂ ಅಗ್ಗವೇ. ಆದರೆ ಬಾಸೆಲ್‌ಕಾರ್ಡ್ ಸಿಗಲ್ಲ, ದಿನಾ ಟ್ರಾಮ್ ಟಿಕೆಟ್ ಕೊಳ್ಳಬೇಕು, ಪಾಸ್‌ಪೋರ್ಟ್ ಸದಾ ಜೇಬಿನಲ್ಲಿರಬೇಕು. ಅದಕ್ಕಿಂತ ದೊಡ್ಡ ತಲೆನೋವು ವೀಸಾದ್ದು. ಕೆಲಸ ಸ್ವಿಟ್ಜರ್ಲೆಂಡಿನಲ್ಲಿ, ಮಲಗೋದು ಜರ್ಮನಿಯಲ್ಲಿ ಅಂತ ಕಾಗದ ಕೊಟ್ಟರೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ. ಮೊದಲ ಸಲ ಹೋಗುವವರಿಗೆ ನಾನಂತೂ ಇದನ್ನು ಹೇಳಲ್ಲ.

ವೀಸಾ ಅಂದ ಮೇಲೆ ನೆನಪಾಯಿತು. ವೀಸಾ ಕೈಗೆ ಬರುವ ತನಕ ‘ಉಚಿತ ರದ್ದತಿ’ ಇರುವ ದರದಲ್ಲೇ ಬುಕ್ ಮಾಡಿ. ಹಣ ವಾಪಸ್ ಬಾರದ ದರ ಹತ್ತಿಪ್ಪತ್ತು ಫ್ರಾಂಕ್ ಕಡಿಮೆ ಕಾಣುತ್ತದೆ, ವೀಸಾ ತಡವಾದರೆ ಪೂರ್ತಿ ಕೈ ಸುಡುತ್ತದೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು.

ಬೆಂಗಳೂರಿನಿಂದ ಹೋಗುವವರಿಗೆ ಫ್ರಾಂಕ್‌ಫರ್ಟ್ ದಾರಿ ಚೆನ್ನಾಗಿ ಹೊಂದುತ್ತದೆ. ಅಲ್ಲಿ ವಿಮಾನ ಇಳಿದು, ನಿಲ್ದಾಣಕ್ಕೆ ಹೊಂದಿಕೊಂಡಿರುವ ಸ್ಟೇಷನ್‌ನಲ್ಲೇ ಐಸಿಇ ಅನ್ನೋ ಜರ್ಮನಿಯ ವೇಗದ ರೈಲು ಹತ್ತಿದರೆ ಮೂರು ಗಂಟೆಯ ಆಸುಪಾಸಿನಲ್ಲಿ ಬಾಸೆಲ್. ಮೊದಲು ಬಾಡಿಷರ್ ಬಾನ್‌ಹೋಫ್ ಬರುತ್ತದೆ, ಆಮೇಲೆ ಎಸ್‌ಬಿಬಿ. ಹೋಟೆಲ್ ಕ್ಲೈನ್‌ಬಾಸೆಲ್‌ನಲ್ಲಿದ್ದರೆ ಮೊದಲನೆಯದರಲ್ಲೇ ಇಳಿದುಬಿಡಿ. ಜ್ಯೂರಿಕ್ ವಿಮಾನ ನಿಲ್ದಾಣದಿಂದಾದರೆ ರೈಲಿನಲ್ಲಿ ಒಂದೂಕಾಲು ಗಂಟೆ. ಬಾಸೆಲ್‌ದೇ ವಿಮಾನ ನಿಲ್ದಾಣ ಇರುವುದು ಫ್ರಾನ್ಸಿನ ನೆಲದಲ್ಲಿ. ಅಲ್ಲಿ ಸ್ವಿಸ್ ಕಡೆಗೊಂದು, ಫ್ರೆಂಚ್ ಕಡೆಗೊಂದು ಬಾಗಿಲು. ಸ್ವಿಸ್ ಬಾಗಿಲಿನಿಂದ ಹೊರಬಂದು 50ನೇ ನಂಬರ್ ಬಸ್ ಹಿಡಿದರೆ ಎಸ್‌ಬಿಬಿ.

ರೂಮು ಆರಿಸುವಾಗ ಸ್ಟಾರ್ ಎಷ್ಟು ಅಂತ ನೋಡಬೇಡಿ, ಈ ಸಣ್ಣ ವಿಷಯಗಳನ್ನು ನೋಡಿ. ರೂಮಿನಲ್ಲಿ ನೀರು ಕಾಯಿಸೋ ಕೆಟಲ್ ಇದೆಯಾ? ಎಷ್ಟೋ ಕಡೆ ಇರಲ್ಲ. ಬೇಸಿಗೆಯಾದರೆ ಎಸಿ ಇದೆಯಾ? ಹಳೇ ಕಟ್ಟಡಗಳಲ್ಲಿ ಇರೋದು ಕಡಿಮೆ, ಜುಲೈನಲ್ಲಿ ಬಿಸಿಲು 30 ಡಿಗ್ರಿ ದಾಟುತ್ತದೆ. ಸಹೋದ್ಯೋಗಿ ಜೊತೆ ಹಂಚಿಕೊಳ್ಳೋದಾದರೆ ‘ಟ್ವಿನ್’ ಅಂತಲೇ ಕೇಳಿ, ‘ಡಬಲ್’ ಅಂದರೆ ಒಂದಕ್ಕೊಂದು ಅಂಟಿಸಿದ ಹಾಸಿಗೆ, ಹೊದಿಕೆ ಮಾತ್ರ ಬೇರೆ ಬೇರೆ. ಬಕೆಟ್ಟು, ಚೊಂಬು, ಪೈಪು ಯಾವುದೂ ಸಿಗಲ್ಲ, ಮಾನಸಿಕವಾಗಿ ಸಿದ್ಧರಾಗಿ. ತಿಂಡಿ ಬಾಡಿಗೆಯಲ್ಲಿ ಸೇರಿದೆಯಾ ಅಂತ ಖಂಡಿತ ನೋಡಿ. ಬೇರೆಯಾಗಿ ಕೊಟ್ಟರೆ 20ರಿಂದ 30 ಫ್ರಾಂಕ್ ಆಗುತ್ತದೆ. ಸಸ್ಯಾಹಾರಿಗಳಿಗೆ ಅಲ್ಲಿಯ ತಿಂಡಿ ಮೋಸ ಇಲ್ಲ: ಬ್ರೆಡ್ಡು, ಬೆಣ್ಣೆ, ನಾಲ್ಕಾರು ಬಗೆ ಚೀಸ್, ಮೊಸರು, ಹಣ್ಣು, ಮ್ಯೂಸ್ಲಿ. ಹೊಟ್ಟೆ ತುಂಬಾ ತಿಂದು ಹೊರಟರೆ ಮಧ್ಯಾಹ್ನದ ಖರ್ಚು ಅರ್ಧ ಇಳಿಯುತ್ತದೆ.

ಊಟಕ್ಕೆ ರೆಸ್ಟೋರೆಂಟಿನಲ್ಲಿ ಕೂತರೆ ಮಧ್ಯಾಹ್ನಕ್ಕೇ 20–30 ಫ್ರಾಂಕ್. ದಿನಾ ಹಾಗೆ ಮಾಡಿದರೆ ದಿನಭತ್ಯೆ ಕರಗಿಹೋಗುತ್ತದೆ. ಎಸ್‌ಬಿಬಿ ಪಕ್ಕದಲ್ಲೇ ಮಾರ್ಕ್ಟ್‌ಹಾಲೆ ಇದೆ, 1929ರ ದೊಡ್ಡ ಕಾಂಕ್ರೀಟ್ ಗುಮ್ಮಟದ ಕೆಳಗೆ ಹತ್ತಾರು ದೇಶದ ಅಡುಗೆಯ ಅಂಗಡಿಗಳು. ಟಿಬಿಟ್ಸ್ ಅನ್ನೋ ಕಡೆ ಎಲ್ಲವೂ ಸಸ್ಯಾಹಾರ, ತಟ್ಟೆಗೆ ಬೇಕಾದ್ದು ಹಾಕಿಕೊಂಡು ತೂಕಕ್ಕೆ ದುಡ್ಡು ಕೊಡೋದು. ಹಸಿದ ಹೊಟ್ಟೆಯಲ್ಲಿ ಹೋದರೆ ತಕ್ಕಡಿ ಹೆದರಿಸುತ್ತದೆ, ಆಲೂಗಡ್ಡೆ ಕಡಿಮೆ ಹಾಕಿಕೊಳ್ಳಿ. ಬೇರೆ ಕಡೆ ಸೂಪ್ ಕೇಳುವಾಗ ಮಾಂಸದ ಸಾರು ಹಾಕಿದ್ದೀರಾ ಅಂತ ವಿಚಾರಿಸಿ, ‘ತರಕಾರಿ ಸೂಪ್’ ಅಂತ ಹೆಸರಿದ್ದರೂ ಸರಿ. ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಮೊಸರು, ಹಣ್ಣು, ಬ್ರೆಡ್ಡು, ತಯಾರಿಸಿಟ್ಟ ಸಲಾಡ್ ಸಿಗುತ್ತದೆ. ಶನಿವಾರ ಸಂಜೆಗೆಲ್ಲ ಬಾಗಿಲು ಹಾಕಿ ಭಾನುವಾರ ಪೂರ್ತಿ ಮುಚ್ಚುತ್ತವೆ. ಸ್ಟೇಷನ್ ಒಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಭಾನುವಾರ ಬಂದಿಳಿಯುವವರು ಹೋಟೆಲ್‌ಗೆ ಹೋಗುವ ಮುಂಚೆಯೇ ಸ್ಟೇಷನ್‌ನಲ್ಲಿ ರಾತ್ರಿಯ ಊಟ ಕೊಂಡುಬಿಡಿ.

ನೀರು ಮಾತ್ರ ಕೊಳ್ಳಲೇಬೇಡಿ. ಬಾತ್‌ರೂಮಿನ ನಲ್ಲಿ ನೀರೇ ಕುಡಿಯುವ ನೀರು. ಬೀದಿಯಲ್ಲೂ ಹಸಿರು ಬಣ್ಣದ ಸಣ್ಣ ಕಾರಂಜಿಗಳಿವೆ, ಮೇಲೆ ಬಾಸಿಲಿಸ್ಕ್ ಅನ್ನೋ ರೆಕ್ಕೆಯ ಪುರಾಣದ ಪ್ರಾಣಿ, ಅದರ ಬಾಯಿಂದ ಸಣ್ಣಗೆ ನೀರು, ಬುಡದಲ್ಲಿ ನಾಯಿ ಕುಡಿಯೋಕೆ ಅಂತಲೇ ಪುಟ್ಟ ಬಾನಿ. ಬಾಟಲಿ ಹಿಡಿದು ತುಂಬಿಸಿಕೊಳ್ಳಿ.

ಒಂದು ವಾರಕ್ಕಿಂತ ಜಾಸ್ತಿ ಇದ್ದರೆ ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ಲೇಸು. ಅನ್ನ, ಸಾರಿನ ಪುಡಿ ಇದ್ದರೆ ಇನ್ನೇನು ಬೇಕು? ಒಗ್ಗರಣೆ ಹಾಕುವ ಮುಂಚೆ ಮಾತ್ರ ಕಿಟಕಿ ತೆಗೆದು, ಹೊಗೆ ಹೀರುವ ಫ್ಯಾನ್ ಹಾಕಿ. ಒಣಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಹೊಡೆದುಕೊಂಡು ಅಗ್ನಿಶಾಮಕ ದಳ ಬಂದರೆ ಅದರ ಖರ್ಚು ನಿಮ್ಮ ತಲೆಗೇ ಬರಬಹುದು.

ಪ್ಲಗ್ಗಿನ ವಿಷಯ ಯಾರೂ ಹೇಳಲ್ಲ. ಸ್ವಿಸ್ ಸಾಕೆಟ್ ಯೂರೋಪಿನ ಉಳಿದ ಕಡೆ ಇದ್ದಂತಿಲ್ಲ. ಆರು ಮೂಲೆಯ ಕಿರಿದಾದ ಗುಳಿ, ಒಳಗೆ ಮೂರು ಸಣ್ಣ ತೂತು. ಫೋನ್ ಚಾರ್ಜರ್‌ನ ಎರಡು ತೆಳು ಪಿನ್ ಸಲೀಸಾಗಿ ಹೋಗುತ್ತದೆ. ನಮ್ಮ ಲ್ಯಾಪ್‌ಟಾಪಿನ ಮೂರು ದಪ್ಪ ಪಿನ್ ಹೋಗಲ್ಲ, ‘ಯೂರೋಪ್ ಅಡಾಪ್ಟರ್’ ಅಂತ ಮಾರುವ ದುಂಡು ಪ್ಲಗ್ಗೂ ಆ ಗುಳಿಯೊಳಗೆ ಕೂರಲ್ಲ. ಸ್ವಿಸ್ ಅಂತಲೇ ಬರೆದಿರುವ ಅಡಾಪ್ಟರ್ ತನ್ನಿ, ಇಲ್ಲವೇ ರಿಸೆಪ್ಶನ್‌ನಲ್ಲಿ ಕೇಳಿ, ಬಹಳ ಕಡೆ ಎರವಲು ಕೊಡುತ್ತಾರೆ. ಫೋನಿನದೂ ಹೀಗೇ. ಸ್ವಿಟ್ಜರ್ಲೆಂಡ್ ಯೂರೋಪಿಯನ್ ಒಕ್ಕೂಟದಲ್ಲಿಲ್ಲ, ಆದ್ದರಿಂದ ‘ಯೂರೋಪ್’ ಪ್ಲಾನ್ ಕೊಳ್ಳುವಾಗ ದೇಶಗಳ ಪಟ್ಟಿಯಲ್ಲಿ ಅದರ ಹೆಸರಿದೆಯಾ ನೋಡಿ. ಗಡಿಯ ಊರಾದ್ದರಿಂದ ಫೋನು ಒಮ್ಮೊಮ್ಮೆ ಫ್ರೆಂಚ್ ಅಥವಾ ಜರ್ಮನ್ ನೆಟ್‌ವರ್ಕ್ ಹಿಡಿದುಕೊಳ್ಳುತ್ತದೆ, ಮೂರೂ ದೇಶ ಇರುವ ಪ್ಲಾನ್ ಆದರೆ ನೆಮ್ಮದಿ.

ದುಡ್ಡು ಕೊಡುವಾಗ ಕಾರ್ಡ್ ಮಷೀನು ‘ರೂಪಾಯಿಯಾ, ಫ್ರಾಂಕಾ’ ಅಂತ ಕೇಳಿದರೆ ಫ್ರಾಂಕ್ ಒತ್ತಿ. ರೂಪಾಯಿ ಒತ್ತಿದರೆ ಅವರದೇ ವಿನಿಮಯ ದರ, ಅದು ನಿಮ್ಮ ಪರ ಇರಲ್ಲ. ಠೇವಣಿಗೆ ಅಂತ ಹೋಟೆಲ್ ಒಂದಿಷ್ಟು ಮೊತ್ತ ತಡೆಹಿಡಿಯುತ್ತದೆ. ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ಹಣ ಹಲವು ದಿನ ಸಿಕ್ಕಿಹಾಕಿಕೊಳ್ಳುತ್ತದೆ, ಕ್ರೆಡಿಟ್ ಕಾರ್ಡ್ ಕೊಡಿ. ಬಿಲ್ ಕಂಪನಿ ಹೆಸರಿನಲ್ಲೇ ಬೇಕು ಅಂತ ಮೊದಲ ದಿನವೇ ಹೇಳಿಬಿಡಿ. ಅದರಲ್ಲಿ ವಸತಿಗೆ 3.8%, ರೆಸ್ಟೋರೆಂಟ್ ಊಟಕ್ಕೆ 8.1% ಅಂತ ಎರಡು ತೆರಿಗೆ ಕಾಣಿಸಿದರೆ ತಪ್ಪು ಅಂತ ಜಗಳಕ್ಕೆ ಹೋಗಬೇಡಿ, ಅಲ್ಲಿಯ ನಿಯಮವೇ ಹಾಗೆ.

ಸಂಜೆ ಬಿಡುವಾದರೆ ರೈನ್ ದಾಟುವ ಮರದ ದೋಣಿ ಹತ್ತಿ. ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಯ ಮೇಲೆ ಎಳೆದ ತಂತಿಗೆ ಕಟ್ಟಿರುತ್ತಾರೆ, ನೀರಿನ ಸೆಳೆತವೇ ಆಚೆ ದಡಕ್ಕೆ ತಳ್ಳುತ್ತದೆ. ಕನ್ನಡದವರಾದ ಮೇಲೆ ಇನ್ನೊಂದು ಜಾಗ ನೋಡಲೇಬೇಕು. ಸ್ಪಾಲೆನ್‌ಟೋರ್ ಅನ್ನೋ ಹಳೇ ಕೋಟೆ ಬಾಗಿಲು ದಾಟಿದರೆ ಮಿಸಿಯೋನ್ಸ್‌ಸ್ಟ್ರಾಸೆ ಅನ್ನೋ ಬೀದಿ, ಅಲ್ಲಿ 21ನೇ ನಂಬರಿನ ಕಟ್ಟಡವೇ ನಮ್ಮ ಬಾಸೆಲ್ ಮಿಷನ್‌ನ ಮನೆ. 1834ರಲ್ಲಿ ಮಂಗಳೂರಿಗೆ ಬಂದವರು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಹೊರತಂದ ಕಿಟ್ಟೆಲ್, ಹೆಂಚಿನ ಕಾರ್ಖಾನೆ ನಡೆಸಿದವರು, ಎಲ್ಲರೂ ಈ ಸಂಸ್ಥೆಯವರೇ. ಮಿಷನ್‌ನ ದಾಖಲೆಗಳು, ಕರಾವಳಿಯ ಹಳೆಯ ಫೋಟೋಗಳು ಇಲ್ಲಿನ ಸಂಗ್ರಹದಲ್ಲಿವೆ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ, ಮೊದಲೇ ಇಮೇಲ್ ಬರೆದು ಸಮಯ ಕೇಳಿಕೊಳ್ಳಿ.

ಹೊರಡುವ ದಿನ ರೂಮು 11ರ ಆಸುಪಾಸಿಗೆ ಖಾಲಿ ಮಾಡಬೇಕು, ಆದರೆ ಸೂಟ್‌ಕೇಸನ್ನು ರಿಸೆಪ್ಶನ್‌ನಲ್ಲಿ ಇಟ್ಟು ಸಂಜೆಯವರೆಗೆ ಓಡಾಡಬಹುದು. ಬಾಸೆಲ್‌ಕಾರ್ಡ್ ಆ ದಿನವೂ ನಡೆಯುತ್ತದೆ.