ಹಾಡು ಕಡಲಲ್ಲಿ, ಬೇರು ದಡದಲ್ಲಿ

ಉತ್ತರ ಸಮುದ್ರದಲ್ಲಿ ನಿಂತು ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುತ್ತಿದ್ದ ಕಳ್ಳ ರೇಡಿಯೊ ಹಡಗುಗಳ ಕಥೆಯನ್ನು ಹೇಳುವವರೆಲ್ಲ ಹಾಡು, ಹರೆಯ, ಬಂಡಾಯ ಎಂದೇ ಶುರು ಮಾಡುತ್ತಾರೆ. ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳ ನಡುವೆ ವೃತ್ತಿ ಕಳೆದ ನನ್ನಂಥವನಿಗೆ ಮೊದಲು ಏಳುವ ಪ್ರಶ್ನೆ ಬೇರೆ. ಜನರೇಟರಿಗೆ ಡೀಸೆಲ್ ಯಾರು ತಂದುಕೊಡುತ್ತಿದ್ದರು? ಕುಡಿಯುವ ನೀರು? ಟ್ರಾನ್ಸ್‌ಮಿಟರಿನೊಳಗೆ ಸುಟ್ಟುಹೋದ ಎಲೆಕ್ಟ್ರಾನಿಕ್ ವಾಲ್ವ್‌ಗೆ ಬದಲಿ ವಾಲ್ವ್? ಆ ಕೇಂದ್ರಗಳು ಹುಟ್ಟಿದ್ದು ಹಾಡಿಗಾಗಿ ಇರಬಹುದು. ಅವುಗಳ ಕೊರಳು ಹಿಸುಕಿದ್ದು ಮಾತ್ರ ಸರಬರಾಜು.

1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನೆಲದಲ್ಲಿ ರೇಡಿಯೊ ಎಂದರೆ ಬಿಬಿಸಿ ಒಂದೇ. ಧ್ವನಿಮುದ್ರಣ ಕಂಪನಿಗಳೊಡನೆ ಇದ್ದ ಒಪ್ಪಂದದಿಂದಾಗಿ ಅದು ದಿನಕ್ಕೆ ಕೆಲವೇ ಗಂಟೆ ರೆಕಾರ್ಡ್ ಹಾಕಬಹುದಿತ್ತು. ಬೇರೆ ಹಾಡು ಬೇಕೆಂದವರು ರೇಡಿಯೊ ಲಕ್ಸೆಂಬರ್ಗ್ ಕಡೆಗೆ ಮುಳ್ಳು ತಿರುಗಿಸುತ್ತಿದ್ದರು. ನಮ್ಮಲ್ಲಿಯೂ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಮರೆಯಾದಾಗ ಕೇಳುಗರು ರೇಡಿಯೊ ಸಿಲೋನ್ ಹಿಡಿದದ್ದು ಹೀಗೆಯೇ. 1957ರ ವಿವಿಧ ಭಾರತಿ ಅದಕ್ಕೆ ಬಂದ ಉತ್ತರ. ಆದರೆ ದೂರದ ಲಕ್ಸೆಂಬರ್ಗಿನ ಮೀಡಿಯಂ ವೇವ್ ಪ್ರಸಾರ ಬ್ರಿಟನ್ನಿಗೆ ಚೆನ್ನಾಗಿ ತಲುಪುತ್ತಿದ್ದುದು ಕತ್ತಲಾದ ಮೇಲೆ, ಅದೂ ಏರಿಳಿಯುತ್ತ. ಹಗಲಿಡೀ ಜಾಗ ಖಾಲಿ. ಹಗಲಿನಲ್ಲಿ ಮೀಡಿಯಂ ವೇವ್ ನೆಲಕ್ಕೆ ಅಂಟಿಕೊಂಡೇ ಸಾಗುವುದರಿಂದ, ಆ ಜಾಗ ತುಂಬಲು ಟ್ರಾನ್ಸ್‌ಮಿಟರ್ ಕೇಳುಗನ ಹತ್ತಿರವಿರಬೇಕು. ಕಾನೂನಿಗೆ ಮಾತ್ರ ದೂರವಿರಬೇಕು.

ಎರಡೂ ಒಟ್ಟಿಗೆ ಸಿಗುವ ಜಾಗ ಮೂರು ನಾಟಿಕಲ್ ಮೈಲಿಯ ಆಚೆಗಿತ್ತು. ಅಂದಿನ ಬ್ರಿಟನ್ನಿನ ಕಡಲ ಗಡಿ ಅಷ್ಟೇ. ದಾರಿ ತೋರಿಸಿದವರು ಸ್ಕ್ಯಾಂಡಿನೇವಿಯಾದವರು: 1958ರಲ್ಲಿ ಡೆನ್ಮಾರ್ಕಿನತ್ತ ಪ್ರಸಾರ ಮಾಡಿದ ರೇಡಿಯೊ ಮರ್ಕ್ಯುರ್, 1961ರಲ್ಲಿ ಸ್ವೀಡನ್ನಿನ ರೇಡಿಯೊ ನೋರ್ಡ್. ನಡುವೆ 1960ರಲ್ಲಿ ಡಚ್ಚರ ವೆರೋನಿಕಾ. ಐರ್ಲೆಂಡಿನ ರೋನನ್ ಒ'ರಾಹಿಲಿ ಡೆನ್ಮಾರ್ಕಿನ ಹಳೆಯ ಫೆರಿ ಫ್ರೆಡೆರಿಸಿಯಾವನ್ನು ಗ್ರೀನೋರ್ ಬಂದರಿನಲ್ಲಿ ಸಜ್ಜುಗೊಳಿಸಿ, 1964ರ ಮಾರ್ಚ್ 28ರಂದು ಇಂಗ್ಲೆಂಡಿನ ಪೂರ್ವ ಕರಾವಳಿಯ ಆಚೆಯಿಂದ ರೇಡಿಯೊ ಕ್ಯಾರೊಲೈನ್ ಶುರು ಮಾಡಿದರು. ಅದೇ ವರ್ಷದ ಕೊನೆಗೆ ರೇಡಿಯೊ ಲಂಡನ್ ಬಂತು. ಅದರ ಹಡಗು ಗ್ಯಾಲಕ್ಸಿ ಅಮೆರಿಕದ ನೌಕಾಪಡೆಯ ಹಳೆಯ ಮೈನ್‌ಸ್ವೀಪರ್, ಅಂದರೆ ಕಡಲಲ್ಲಿ ಹುದುಗಿಸಿದ ಸಿಡಿಮದ್ದು ತೆಗೆಯುವ ಹಡಗು. ಟ್ರಾನ್ಸ್‌ಮಿಟರ್ 50 ಕಿಲೋವ್ಯಾಟ್‌ನದು.

ಎಂಜಿನಿಯರಿನ ಕಣ್ಣಿಗೆ ಸಮುದ್ರ ಆಸೆ ಹುಟ್ಟಿಸುವ ಜಾಗ. ನೆಲದ ಮೇಲಾದರೆ ಆಂಟೆನಾ ಕಂಬದ ಸುತ್ತ ತಾಮ್ರದ ತಂತಿಗಳನ್ನು ಬಿಸಿಲಿನ ಕಿರಣಗಳಂತೆ ಹೂಳಿ ಅರ್ಥ್ ಮ್ಯಾಟ್ ಮಾಡಬೇಕು. ಉಪ್ಪು ನೀರಿನ ವಾಹಕತೆ ಒಳ್ಳೆಯ ಒದ್ದೆ ಮಣ್ಣಿಗಿಂತ ನೂರಾರು ಪಟ್ಟು ಹೆಚ್ಚು. ಹಡಗಿನ ಕಬ್ಬಿಣದ ಒಡಲು ಅದರಲ್ಲೇ ಮುಳುಗಿರುವಾಗ ಅರ್ಥಿಂಗ್ ಪುಕ್ಕಟೆ. ಕ್ಯಾರೊಲೈನ್ ಪ್ರಸಾರ ಮಾಡುತ್ತಿದ್ದದ್ದು 1520 ಕಿಲೋಹರ್ಟ್ಸ್‌ನಲ್ಲಿ, ಅಂದರೆ ತರಂಗಾಂತರ ಸುಮಾರು 197 ಮೀಟರ್. (ಹೇಳಿಕೊಳ್ಳುತ್ತಿದ್ದದ್ದು 199, ಕೊನೆಯ 'ನೈನ್' ಹೆಸರಿನೊಡನೆ ಪ್ರಾಸ ಕೂಡಲಿ ಎಂದಂತೆ. ನಮ್ಮ ಲಾಗ್ ಪುಸ್ತಕದಲ್ಲಿ ಹೀಗೆ ಬರೆದಿದ್ದರೆ ಮೆಮೊ ಗ್ಯಾರಂಟಿ.) ತರಂಗಾಂತರದ ಕಾಲು ಭಾಗ 50 ಮೀಟರಿಗೆ ಹತ್ತಿರ, ಅಷ್ಟೆತ್ತರದ ಕಂಬ ನಿಲ್ಲಿಸಿದರೆ ಸಾಕು.

ಕಷ್ಟ ಶುರುವಾಗುವುದು ಆಮೇಲೆ. ಅದೇ ಉಪ್ಪು ಇನ್ಸುಲೇಟರ್‌ಗಳ ಮೇಲೆ ಪದರವಾಗಿ ಕೂರುತ್ತದೆ. ಅದಕ್ಕಿಷ್ಟು ತೇವ ಸೇರಿದರೆ ಕಿಡಿ ಹಾರಿ ಟ್ರಾನ್ಸ್‌ಮಿಟರ್ ಟ್ರಿಪ್ ಆಗುತ್ತದೆ. ದಡದಲ್ಲಿ ಕಂಬದ ಬಿಗಿತಂತಿಗಳನ್ನು ಬೇಕಾದಷ್ಟು ದೂರ ಎಳೆದು ಕಟ್ಟಬಹುದು. ಹತ್ತು ಮೀಟರ್ ಅಗಲದ ಹಡಗಿನಲ್ಲಿ ಎಲ್ಲಿಗೆ ಎಳೆಯುವುದು? ಬಿರುಗಾಳಿ ಬಂದಾಗ ಬೇರೆ ಹಡಗುಗಳು ಬಂದರು ಸೇರುತ್ತವೆ. ಇವು ಸೇರುವಂತಿಲ್ಲ, ಸೇರಿದರೆ ಜಪ್ತಿ. 1966ರ ಜನವರಿಯಲ್ಲಿ ಕ್ಯಾರೊಲೈನ್‌ನ ಇನ್ನೊಂದು ಹಡಗು ಮಿ ಅಮಿಗೊ ಲಂಗರು ಕಳಚಿಕೊಂಡು ಫ್ರಿಂಟನ್ ಬಳಿಯ ದಡಕ್ಕೆ ಬಂದು ಬಿತ್ತು.

ಥೇಮ್ಸ್ ನದಿ ಕಡಲು ಸೇರುವಲ್ಲಿ ನೀರಿನ ನಡುವೆ ಇದ್ದ ಯುದ್ಧಕಾಲದ ಕೋಟೆಗಳನ್ನು ಹಿಡಿದು ರೇಡಿಯೊ ನಡೆಸಿದವರ ಕಥೆ ಇನ್ನೂ ಒರಟು. ಅಲುಗದ ಜಾಗ ನಿಜ, ಆದರೆ ಒಡೆತನದ ಕಾಗದವಿಲ್ಲ. 1966ರ ಜೂನ್‌ನಲ್ಲಿ ಶಿವರಿಂಗ್ ಸ್ಯಾಂಡ್ಸ್ ಕೋಟೆಯ ರೇಡಿಯೊ ಸಿಟಿಯ ಜಗಳ ದಡಕ್ಕೂ ಹಬ್ಬಿ, ಅದರ ಮಾಲೀಕ ರೆಜಿನಾಲ್ಡ್ ಕ್ಯಾಲ್ವರ್ಟ್ ಗುಂಡೇಟಿಗೆ ಸತ್ತರು. ತಮಾಷೆಯ ಬಂಡಾಯ ಎಂದು ನಗುತ್ತಿದ್ದವರಿಗೂ ಅದು ನಗುವ ವಿಷಯವಾಗಿ ಉಳಿಯಲಿಲ್ಲ.

ಸರ್ಕಾರ ಕೊನೆಗೆ ಕೈ ಹಾಕಿದ್ದು ಹಡಗಿಗಲ್ಲ. 1967ರ ಆಗಸ್ಟ್ 14ರ ನಡುರಾತ್ರಿ ಜಾರಿಗೆ ಬಂದ ಕಾಯ್ದೆ ಅಂತರರಾಷ್ಟ್ರೀಯ ನೀರಿನಲ್ಲಿ ನಿಂತ ಹಡಗನ್ನು ಮುಟ್ಟದೆ, ಬ್ರಿಟಿಷರು ಅದರಲ್ಲಿ ಕೆಲಸ ಮಾಡುವುದನ್ನು, ಅದಕ್ಕೆ ಜಾಹೀರಾತು, ಆಹಾರ, ಇಂಧನ, ಉಪಕರಣ ಒದಗಿಸುವುದನ್ನು ಅಪರಾಧ ಮಾಡಿತು. ಕಾಯ್ದೆ ಬರೆದವರಿಗೆ ಟ್ರಾನ್ಸ್‌ಮಿಟರ್ ಕೇಂದ್ರದ ನಿಜವಾದ ಸ್ವರೂಪ ಗೊತ್ತಿತ್ತು ಎನ್ನಬೇಕು. ಬೇರೆ ದೇಶಗಳಿಗೆ ಹಂಚಿದ ಕಂಪನಾಂಕಗಳ ಮೇಲೆ ಯಾರು ಬೇಕಾದರೂ ಬಂದು ಕೂರುವುದನ್ನು ವೃತ್ತಿಯವನಾಗಿ ನಾನೂ ಒಪ್ಪಲಾರೆ. ಆದರೆ ಕೇಳುಗರಿಗೆ ಬೇಕಾದದ್ದನ್ನು ಕೊಡಲು ಬಿಬಿಸಿ ಕಾಯಬೇಕಿರಲಿಲ್ಲ. ಆರು ವಾರಗಳ ನಂತರ, ಸೆಪ್ಟೆಂಬರ್ 30ರಂದು ಶುರುವಾದ ಬಿಬಿಸಿಯ ಪಾಪ್ ಹಾಡುಗಳ ಕೇಂದ್ರ ರೇಡಿಯೊ 1ರಲ್ಲಿ ಮೊದಲ ನಿರೂಪಕರಾಗಿ ಕೇಳಿಸಿದ್ದು ಟೋನಿ ಬ್ಲ್ಯಾಕ್‌ಬರ್ನ್ ದನಿ. ಅವರು ಬಂದದ್ದೇ ಕಳ್ಳ ಹಡಗುಗಳಿಂದ.

ರೇಡಿಯೊ ಲಂಡನ್ 14ರ ಮಧ್ಯಾಹ್ನವೇ ಮುಚ್ಚಿತು. ಕ್ಯಾರೊಲೈನ್ ನೆದರ್ಲೆಂಡ್ಸಿನಿಂದ ಸಾಮಾನು ತರಿಸಿಕೊಂಡು ಮುಂದುವರಿಯಿತು. ಆದರೆ ಜಾಹೀರಾತು ಕುಸಿದಿತ್ತು, ಬಾಕಿ ಬೆಳೆಯಿತು. 1968ರ ಮಾರ್ಚ್‌ನಲ್ಲಿ ಅದರ ಎರಡೂ ಹಡಗುಗಳನ್ನು ಬಂದರಿಗೆ ಎಳೆದೊಯ್ದದ್ದು ಪೊಲೀಸರಲ್ಲ, ನೌಕಾಪಡೆಯೂ ಅಲ್ಲ. ಅಷ್ಟು ದಿನ ಸಾಮಾನು ಮುಟ್ಟಿಸುತ್ತಿದ್ದ ಡಚ್ ಕಂಪನಿಯ ಟಗ್‌ಗಳು.

ಮತ್ತೆ ಎದ್ದ ಕ್ಯಾರೊಲೈನ್ 1980ರಲ್ಲಿ ಮಿ ಅಮಿಗೊವನ್ನು ಬಿರುಗಾಳಿಗೆ ಕಳೆದುಕೊಂಡು, 1983ರಲ್ಲಿ ರಾಸ್ ರಿವೆಂಜ್ ಎಂಬ ಮೀನುಗಾರಿಕೆಯ ಟ್ರಾಲರ್‌ನಲ್ಲಿ ಮರಳಿತು. ಅದರ ಮೇಲೆ ಸುಮಾರು 300 ಅಡಿಯ ಕಂಬ! ಎಷ್ಟು ಧೈರ್ಯ ಎನ್ನುವ ಮೊದಲು ನನ್ನ ಬಾಯಿಂದ ಬರುವುದು ಎಷ್ಟು ಹುಂಬತನ ಎಂಬ ಮಾತು. 1987ರ ಅಕ್ಟೋಬರ್ ಬಿರುಗಾಳಿಗೆ ಸಡಿಲಗೊಂಡ ಆ ಕಂಬ ಮರುತಿಂಗಳು ಮುರಿದು ಬಿತ್ತು. 1991ರಲ್ಲಿ ಹಡಗು ಗುಡ್‌ವಿನ್ ಮರಳುದಿಬ್ಬದಲ್ಲಿ ಸಿಕ್ಕಿಕೊಂಡಿತು.

ಇಂದಿನ ಕ್ಯಾರೊಲೈನ್ 2017ರಲ್ಲಿ ಪಡೆದ ಲೈಸೆನ್ಸ್‌ನೊಂದಿಗೆ 648 ಕಿಲೋಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಅದು ಹಿಂದೆ ಬಿಬಿಸಿ ವರ್ಲ್ಡ್ ಸರ್ವಿಸ್ ಬಳಸುತ್ತಿದ್ದ ಕಂಪನಾಂಕ. ಟ್ರಾನ್ಸ್‌ಮಿಟರ್ ಇರುವುದು ಸಫೋಕ್‌ನ ಆರ್ಫರ್ಡ್‌ನೆಸ್‌ನಲ್ಲಿ, ಗಟ್ಟಿ ನೆಲದ ಮೇಲೆ.