‘ದೆಹಲಿಗೆ ಹಾಕೋಣ ಸರ್’ ಅನ್ನುವ ಮುಂಚೆ

ಹೈಕೋರ್ಟಿನಲ್ಲಿ ಜಮೀನಿನ ಕೇಸು ಸೋತವರು ನನ್ನ ಆಫೀಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂತ ಕೂಡಲೇ ಹೇಳುವ ಮಾತು ಒಂದೇ: “ಹೋಗ್ಲಿ ಬಿಡಿ ಸರ್, ದೆಹಲಿಗೆ ಹಾಕೋಣ.” ತಾಲ್ಲೂಕು ಕೋರ್ಟು, ಜಿಲ್ಲಾ ಕೋರ್ಟು, ಹೈಕೋರ್ಟು ಆಯ್ತು, ಇನ್ನೊಂದು ಮೆಟ್ಟಿಲು ಹತ್ತಿದರೆ ಸುಪ್ರೀಂ ಕೋರ್ಟು ಅನ್ನುವ ಲೆಕ್ಕ ಅವರದು.

ಈ ಲೆಕ್ಕ ಸರಿಯಿಲ್ಲ. ‘ಇದು ಸುಪ್ರೀಂ ಕೋರ್ಟಿಗೆ ಹೋಗಬೇಕಾದ ಕೇಸು’ ಅಂತ ಹೈಕೋರ್ಟೇ ಸರ್ಟಿಫಿಕೇಟ್ ಕೊಟ್ಟರೆ ಬೇರೆ ಮಾತು, ಅದು ಅಪರೂಪ. ಉಳಿದವರು ‘ಮೇಲ್ಮನವಿ ಹಾಕಲು ಅನುಮತಿ ಕೊಡಿ’ ಅಂತ ಮೊದಲು ಸುಪ್ರೀಂ ಕೋರ್ಟನ್ನೇ ಕೇಳಬೇಕು. ಸಂವಿಧಾನದ 136ನೇ ವಿಧಿಯಲ್ಲಿ ಬರುವ ಈ ಅರ್ಜಿಯನ್ನೇ ನಾವು ಎಸ್‌ಎಲ್‌ಪಿ (ಸ್ಪೆಷಲ್ ಲೀವ್ ಪಿಟಿಷನ್) ಅನ್ನುವುದು. ಕೊಡುವುದು ಬಿಡುವುದು ಕೋರ್ಟಿನ ಇಷ್ಟ. ಸಾಕ್ಷಿ ಸುಳ್ಳು ಹೇಳಿದ, ಸರ್ವೆಯವರು ತಪ್ಪು ಅಳೆದರು ಅನ್ನುವ ತಕರಾರು ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನಲ್ಲೇ ಮುಗಿದಿರುತ್ತದೆ. ಎರಡನೇ ಅಪೀಲಿನಲ್ಲಿ ಹೈಕೋರ್ಟು ಕೂಡ ಕಾನೂನಿನ ಪ್ರಶ್ನೆ ಬಿಟ್ಟು ಬೇರೆ ನೋಡುವುದಿಲ್ಲ.

ಅವಧಿ ಹೈಕೋರ್ಟಿನ ತೀರ್ಪಿನಿಂದ 90 ದಿನ. ನಾನೇ ಹೋಗಿ ಫೈಲ್ ಮಾಡಲು ಬರುವುದಿಲ್ಲ, ಸುಪ್ರೀಂ ಕೋರ್ಟೇ ನಡೆಸುವ ಪರೀಕ್ಷೆ ಪಾಸಾದ ‘ಅಡ್ವೊಕೇಟ್ ಆನ್ ರೆಕಾರ್ಡ್’ ಮೂಲಕವೇ ಹಾಕಿಸಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ಡಿಕ್ರಿ ನಿಲ್ಲುವುದೂ ಇಲ್ಲ, ತಡೆಯಾಜ್ಞೆ ಬೇರೆಯೇ ಕೇಳಬೇಕು. ಇನ್ನು ಅನುವಾದದ ಕೆಲಸ. ಪಹಣಿ, ಪಾಲುಪಟ್ಟಿ, ಸಾಕ್ಷಿಗಳ ಹೇಳಿಕೆ ಎಲ್ಲ ಇಂಗ್ಲಿಷಿಗೆ ಹೋಗಬೇಕು. ‘ಹದ್ದುಬಸ್ತು’ ಅನ್ನುವ ಒಂದು ಮಾತಿಗೆ ನಾನು ಅರ್ಧ ಸಾಲು ಬರೆಯುತ್ತೇನೆ, ‘ಖರಾಬು’ ಬಂದರೆ ಪೂರ್ತಿ ಒಂದು ಸಾಲು.

ಇಷ್ಟೆಲ್ಲ ಆದ ಮೇಲೆ ಕೇಸು ಬೆಂಚಿನ ಮುಂದೆ ಬರುತ್ತದೆ. ಹೆಚ್ಚಾಗಿ ಇಬ್ಬರು ನ್ಯಾಯಮೂರ್ತಿಗಳು, ಫೈಲು ಓದಿಕೊಂಡೇ ಬಂದಿರುತ್ತಾರೆ. ಕೆಲವೇ ನಿಮಿಷ. ಹೋದ ಸಲ ನನ್ನ ಪಕ್ಕ ಕೂತು ವಿಡಿಯೋದಲ್ಲಿ ನೋಡುತ್ತಿದ್ದ ಹಿರಿಯರೊಬ್ಬರು ಕೇಸು ಶುರುವಾಯಿತು ಅಂತ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ನ್ಯಾಯಮೂರ್ತಿಗಳು ‘ಡಿಸ್ಮಿಸ್ಡ್’ ಅಂದುಬಿಟ್ಟರು.

“ಯಾಕೆ ಅಂತ ಹೇಳೋದೇ ಇಲ್ವಾ ಸರ್?”

“ಹೇಳಲೇಬೇಕು ಅಂತಿಲ್ಲ ಯಜಮಾನ್ರೇ.”

ಆ ಹಿರಿಯರು ಊರಿಗೆ ಹೋದಾಗ ಎದುರು ಪಾರ್ಟಿಯವರು ‘ಸುಪ್ರೀಂ ಕೋರ್ಟೂ ನಮ್ಮ ಪರ ತೀರ್ಪು ಕೊಟ್ಟಿತು’ ಅಂತ ಹೇಳಿಕೊಂಡು ತಿರುಗುತ್ತಿದ್ದರಂತೆ. ಎಷ್ಟೋ ವಕೀಲರೂ ಹಾಗೇ ಅಂದುಕೊಂಡಿದ್ದಾರೆ. ಕಾರಣ ಕೊಡದೆ ಎಸ್‌ಎಲ್‌ಪಿ ವಜಾ ಮಾಡಿದರೆ ‘ಇದರಲ್ಲಿ ನಾವು ಕೈಹಾಕುವುದಿಲ್ಲ’ ಅಂತ ಮಾತ್ರ ಅರ್ಥ, ಹೈಕೋರ್ಟು ಹೇಳಿದ್ದೇ ಸರಿ ಅಂತಲ್ಲ. 141ನೇ ವಿಧಿಯ ಪ್ರಕಾರ ದೇಶದ ಎಲ್ಲ ಕೋರ್ಟುಗಳೂ ಒಪ್ಪಬೇಕಾದ ಕಾನೂನೂ ಅದರಿಂದ ಹುಟ್ಟುವುದಿಲ್ಲ. 2000ದಲ್ಲಿ ಕುಂಞಹಮ್ಮದ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೀಗೆ ಹೇಳಿದ್ದನ್ನು 2019ರಲ್ಲಿ ಅದರ ಮೂವರ ಪೀಠ ಮತ್ತೆ ಎತ್ತಿಹಿಡಿಯಿತು. 2019ರ ಆ ಕೇಸು ನಮ್ಮ ಕಡೆಯದ್ದೇ: ಖೋಡೇ ಡಿಸ್ಟಿಲರೀಸ್ ಒಂದು ಕಡೆ, ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಇನ್ನೊಂದು ಕಡೆ. ಅನುಮತಿ ಹಂತದಲ್ಲೇ ಎಸ್‌ಎಲ್‌ಪಿ ವಜಾ ಆದರೆ ‘ನಿಮ್ಮ ತೀರ್ಪನ್ನು ನೀವೇ ಇನ್ನೊಮ್ಮೆ ನೋಡಿ’ ಅಂತ ಹೈಕೋರ್ಟಿನಲ್ಲಿ ರಿವ್ಯೂ ಹಾಕುವ ದಾರಿ ಮುಚ್ಚುವುದಿಲ್ಲ ಅಂತ ಅಲ್ಲಿ ಸ್ಪಷ್ಟವಾಯಿತು.

ಇದನ್ನು ಹಿರಿಯರಿಗೂ ಹೇಳಿದೆ. ರಿವ್ಯೂ ಅಂದರೆ ಹೊಸದಾಗಿ ಕೇಸು ನಡೆಸುವುದಲ್ಲ, ತೀರ್ಪಿನ ಮೇಲೆಯೇ ಎದ್ದು ಕಾಣುವ ತಪ್ಪು ತೋರಿಸಬೇಕು, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ ಅಂತಲೂ ಹೇಳಿದೆ. ಅವರು ತೀರ್ಪಿನ ಕಾಪಿ ಮಡಚಿ ಚೀಲಕ್ಕೆ ಹಾಕಿಕೊಂಡರು. “ಮಗನ ಹತ್ರ ಓದಿಸ್ಕೊಂಡು ಸೋಮವಾರ ಬರ್ತೀನಿ” ಅಂದರು.