ನನಗೆ ಆಕ್ಸೆಂಟ್ ಇಲ್ಲ ಅನ್ನುವವರ ಕಿವಿ

‘ನನಗೆ ಆಕ್ಸೆಂಟೇ ಇಲ್ಲ’ ಅನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. ಬಾಯಿ ಇದ್ದ ಮೇಲೆ ಆಕ್ಸೆಂಟ್, ಅಂದರೆ ಉಚ್ಚಾರಣೆಯ ಧಾಟಿ, ಇದ್ದೇ ಇರುತ್ತದೆ. ಸುತ್ತಲಿನವರೆಲ್ಲ ನಮ್ಮ ಹಾಗೇ ಮಾತಾಡಿದರೆ ಅದು ಗಮನಕ್ಕೆ ಬರುವುದಿಲ್ಲ, ಅಷ್ಟೇ. ಇಷ್ಟು ಸುಲಭ. ಕಷ್ಟ ಇರುವುದು ಮುಂದೆ: ನಾನು ಹೇಗೆ ಮಾತಾಡುತ್ತೇನೆ ಅಂತ ನಾನೇ ಹೇಳಿದರೂ ಭಾಷಾವಿಜ್ಞಾನಿಗಳು ಯಾಕೆ ನಂಬುವುದಿಲ್ಲ?

ಮೊದಲು ಒಂದು ಗೊಂದಲ ಬಿಡಿಸೋಣ. ರೆಕಾರ್ಡಿಂಗ್ ಕೇಳಿದಾಗ ‘ಇದು ನನ್ನ ದನಿಯಾ?’ ಅನಿಸುತ್ತದೆ ಅಲ್ವಾ? ಮಾತಾಡುವಾಗ ನಮ್ಮ ದನಿ ಗಾಳಿಯ ಜೊತೆಗೆ ತಲೆಯ ಮೂಳೆಗಳ ಮೂಲಕವೂ ಕಿವಿಗೆ ತಲುಪುತ್ತದೆ. ಅದರಿಂದ ದನಿ ತುಂಬಿಕೊಂಡಂತೆ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಆ ಪಾಲು ಇಲ್ಲದೆ ತೆಳುವಾಗುತ್ತದೆ. ಇದು ದನಿಯ ವಿಷಯ, ಆಕ್ಸೆಂಟ್‌ನದ್ದಲ್ಲ. ನಾನೂ ತುಂಬಾ ದಿನ ಎರಡನ್ನೂ ಕಲಸಿಕೊಂಡಿದ್ದೆ.

1960ರ ದಶಕದಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕ್ ಜನರ ಮಾತು ಅಧ್ಯಯನ ಮಾಡಿದರು. ಅಲ್ಲಿ ‘ಕಾರ್’, ‘ಗಾರ್ಡ್’ ಥರದ ಪದಗಳಲ್ಲಿ ‘ರ’ಕಾರ ಬಿಟ್ಟುಹೋಗುವುದು ಆಗ ಸಾಮಾನ್ಯವಾಗಿತ್ತು. ಆದರೆ ‘ರ’ ಹೇಳುವವರಿಗೆ ಜಾಸ್ತಿ ಮರ್ಯಾದೆ. ‘ಇವುಗಳಲ್ಲಿ ನಿಮ್ಮ ಉಚ್ಚಾರಣೆ ಯಾವುದು?’ ಎಂದು ಕೇಳಿದಾಗ, ‘ರ’ ಬಿಡುವವರೂ ‘ರ’ ಇರುವುದನ್ನೇ ತೋರಿಸಿದರು. ಸುಳ್ಳು ಹೇಳಿದ್ದಲ್ಲ. ಯಾವುದು ಸರಿ ಎಂದು ಒಪ್ಪಿದ್ದರೋ ಅದೇ ತಮ್ಮದು ಅಂದುಕೊಂಡಿದ್ದರು. ಇಂಗ್ಲೆಂಡಿನ ನಾರಿಚ್‌ನಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್‌ಗೆ ಉಲ್ಟಾ ಉತ್ತರವೂ ಸಿಕ್ಕಿತು. ಎಷ್ಟೋ ಗಂಡಸರು ‘ಒಳ್ಳೆಯ’ ಉಚ್ಚಾರಣೆ ಬಳಸುತ್ತಿದ್ದರೂ ತಮ್ಮದು ಊರ ಮಾತು ಅಂದರು. ಬಾಯಿಬಿಟ್ಟು ಹೊಗಳದ, ಒಳಗೊಳಗೇ ಸಿಗುವ ಈ ಮರ್ಯಾದೆಗೆ ‘ಗುಪ್ತ ಪ್ರತಿಷ್ಠೆ’ ಎಂದು ಹೆಸರು.

ನನಗೆ ಜಾಸ್ತಿ ಹಿಡಿಸಿದ್ದು ಭಾಷಾವಿಜ್ಞಾನಿ ನ್ಯಾನ್ಸಿ ನೀಡ್ಜಿಯೆಲ್ಸ್ಕಿ 1999ರಲ್ಲಿ ಪ್ರಕಟಿಸಿದ ಪ್ರಯೋಗ. ಡೆಟ್ರಾಯಿಟ್ ಇರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ನದಿ ದಾಟಿದರೆ ಕೆನಡಾ. ‘ಹೌಸ್’ ಪದದ ‘ಔ’ವನ್ನು ನಾಲಿಗೆ ಸ್ವಲ್ಪ ಮೇಲಿಟ್ಟು ಹೇಳುವುದು ಕೆನಡಾದವರ ಗುರುತು ಎಂದು ಡೆಟ್ರಾಯಿಟ್‌ನವರ ನಂಬಿಕೆ. ತಾವೂ ಹಾಗೇ ಹೇಳುತ್ತಾರೆ, ಅದು ಬೇರೆ ಮಾತು! ಅವರಿಗೆ ಡೆಟ್ರಾಯಿಟ್‌ನ ಒಬ್ಬರದೇ ಮಾತು ಕೇಳಿಸಿದರು. ಕೆಲವರ ಉತ್ತರದ ಹಾಳೆಯ ಮೇಲೆ ‘ಕೆನಡಾ’ ಎಂದಿತ್ತು, ಉಳಿದವರದರ ಮೇಲೆ ‘ಮಿಷಿಗನ್’. ಆಮೇಲೆ ಕೇಳಿಸಿದ ಕೆಲವು ಸ್ವರಗಳಲ್ಲಿ, ಆ ಮಾತಿನ ಸ್ವರಕ್ಕೆ ಹೊಂದುವುದನ್ನು ಆರಿಸಬೇಕು. ‘ಕೆನಡಾ’ ಹಾಳೆಯವರು ಮೇಲೆತ್ತಿದ ಸ್ವರವನ್ನು ಜಾಸ್ತಿ ಆರಿಸಿದರು, ‘ಮಿಷಿಗನ್’ ಹಾಳೆಯವರು ಕಡಿಮೆ. ದನಿ ಒಂದೇ, ಬದಲಾಗಿದ್ದು ಹಾಳೆಯ ಮೇಲಿನ ಒಂದು ಪದ.

ಜನರ ಮಾತಿನ ಬಗ್ಗೆ ಪ್ರಾಜೆಕ್ಟ್ ಮಾಡುವವರು ಇಲ್ಲಿ ಎಡವುತ್ತಾರೆ. ‘ನೀವು ಇದನ್ನು ಹೇಗೆ ಹೇಳ್ತೀರಿ?’ ಎಂದು ಮೊದಲೇ ಕೇಳಿದರೆ ಎದುರಿನವರು ಎಚ್ಚರಗೊಂಡು ತಿದ್ದಿ ಮಾತಾಡುತ್ತಾರೆ. ಸುಮ್ನೆ ಹರಟೆ ಹೊಡೆಯಲು ಬಿಟ್ಟು, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಆ ಪ್ರಶ್ನೆ ಕೊನೆಗಿರಲಿ. ಉತ್ತರ ಬರೆದುಕೊಂಡು, ಆಮೇಲೆ ರೆಕಾರ್ಡಿಂಗ್ ಜೊತೆ ಇಟ್ಟು ನೋಡಿ.